ಅರ್ಧ ಬೋರ್ಡಿನ ಪದವೀಧರ

ಮೊದಲೇ ಹೇಳಿಬಿಡುತ್ತೇನೆ: ನಾನು ನಕಲು ಹೊಡೆದವನಲ್ಲ. ಬೀದಿಯವರು ಏನು ಬೇಕಾದರೂ ಆಡಿಕೊಳ್ಳಲಿ, ಆಡುವ ಬಾಯಿಗೆ ಬೀಗ ಹಾಕಲಾದೀತೇ? ಆದರೆ ಇಪ್ಪತ್ತಾರು ವರ್ಷ ಒಂದೇ ಮೇಜಿನ ಹಿಂದೆ ಕೂತು, ಒಂದು ಚೂರು ಕಾಗದವನ್ನೂ ಆಚೀಚೆ ಮಾಡದ ಮನುಷ್ಯನನ್ನು ಕಳ್ಳ ಎಂದರೆ ಮೈ ಉರಿಯುತ್ತದೆ. ಏನನ್ನು ಕದ್ದೆ, ಯಾರಿಂದ ಕದ್ದೆ ಎಂಬುದನ್ನು ಪೂರ್ತಿ ಕೇಳಿ, ಆಮೇಲೆ ನೀವೇ ನ್ಯಾಯ ಹೇಳಿ.

ನಾನು ನೀರು ಸರಬರಾಜು ಕಚೇರಿಯಲ್ಲಿ ಆವಕ ಗುಮಾಸ್ತ. ಹೊರಗಿನಿಂದ ಬಂದ ಪ್ರತಿಯೊಂದು ಕಾಗದಕ್ಕೂ ದುಂಡು ಮೊಹರು ಒತ್ತಿ, ಸಂಖ್ಯೆ ಹಾಕಿ, ರಿಜಿಸ್ಟರಿನಲ್ಲಿ ಬರೆದು ಸಾಹೇಬರ ಟ್ರೇಗೆ ಹಾಕುವುದು ನನ್ನ ಕೆಲಸ. ಮೊಹರು ಬೀಳದ್ದು ಕಾಗದವೇ ಅಲ್ಲ, ಮೊಹರು ಬಿದ್ದದ್ದು ಹಿಂದಕ್ಕೆ ಹೋಗುವುದಿಲ್ಲ. ಇದು ನಮ್ಮ ಕಚೇರಿಗೆ ನಾನೇ ಕಲಿಸಿದ ಪಾಠ. ಒಮ್ಮೆ ಸಾಹೇಬರ ಹೆಂಡತಿ ಬರೆದು ಕಳಿಸಿದ್ದ ತರಕಾರಿ ಪಟ್ಟಿಗೂ ಮೊಹರು ಒತ್ತಿಬಿಟ್ಟಿದ್ದೆ. ಸಾಹೇಬರು ಎಷ್ಟು ಕೇಳಿಕೊಂಡರೂ ಕೊಡಲಿಲ್ಲ. ಆ ಪಟ್ಟಿ ಇಂದಿಗೂ ಕಡತದಲ್ಲಿ ಭದ್ರವಾಗಿದೆ. ಸಾಹೇಬರು ಅಂದು ಬರಿಗೈಯಲ್ಲಿ ಮನೆಗೆ ಹೋದರು.

ಇಂಥ ನಿಷ್ಠಾವಂತನಿಗೆ ಒಂದೇ ಕೊರತೆ, ಪದವಿ ಇರಲಿಲ್ಲ. ಮದುವೆಯಾದಾಗಿನಿಂದಲೂ ಯಾರಾದರೂ ನಮ್ಮತ್ತೆಯನ್ನು "ಅಳಿಯಂದಿರು ಏನು ಓದಿದ್ದಾರೆ?" ಎಂದು ಕೇಳಿದರೆ, ಅವರು "ಒಳ್ಳೇ ಎತ್ತರ ಇದ್ದಾರೆ" ಎಂದು ಉತ್ತರ ಕೊಡುತ್ತಿದ್ದರು. ಅದನ್ನೂ ನುಂಗಿಕೊಂಡಿದ್ದೆ. ಆದರೆ ನಮ್ಮ ಹೆಡ್ ಕ್ಲರ್ಕ್ ನಾಲ್ಕು ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಆ ಕುರ್ಚಿಗೆ ಪದವಿ ಇದ್ದವರೇ ಬೇಕು ಎಂದು ಗೊತ್ತಾಯಿತು. ನಾನು ಪಾಸಾದರೆ ಕುರ್ಚಿ ನನಗೆ. ಇಲ್ಲದಿದ್ದರೆ ನನಗಿಂತ ಹನ್ನೊಂದು ವರ್ಷ ಕಿರಿಯಳಾದ ನಮ್ಮ ಟೈಪಿಸ್ಟಮ್ಮನಿಗೆ! ಆಕೆ ನನ್ನ ರಜೆ ಚೀಟಿಗೆ ಸಹಿ ಹಾಕುವುದನ್ನು ನೆನೆಸಿಕೊಂಡೇ ನನಗೆ ಎರಡು ದಿನ ಊಟ ಸೇರಲಿಲ್ಲ.

ದೂರಶಿಕ್ಷಣಕ್ಕೆ ಸೇರಿ ಎರಡು ವರ್ಷ ಮುಗಿಸಿದ್ದೆ. ಉಳಿದದ್ದು ಕೊನೆಯ ವರ್ಷದ ನಾಲ್ಕು ಪ್ರಬಂಧ: ಸಾಹಿತ್ಯ, ಇತಿಹಾಸ, ಸಮಾಜ, ಕಚೇರಿ ನಿರ್ವಹಣೆ. ನಾಲ್ಕೇ ತಾನೇ ಎಂದು ಧೈರ್ಯ ಮಾಡಿ ಬಾಗಿಲಿಗೆ ಹೊಸ ಬೋರ್ಡು ಬರೆಸಿದೆ. ಎಡಗಡೆ ಹೆಸರು, ಬಲಗಡೆ ಪದವಿಗೆಂದು ಅರ್ಧ ಬೋರ್ಡು ಖಾಲಿ. ಬೋರ್ಡು ಬರೆಯುವವನೂ ಎಚ್ಚರಿಸಿದ್ದ. "ಪಾಸಾದ ಮೇಲೆ ಬರೆಸಿ ಸಾರ್." ಕೇಳಿದೆನೇ?

ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರರಿದ್ದಾರೆ. ಅವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನೋಡಿದರು.

"ಏನ್ರೀ, ಆ ಕಡೆ ಅರ್ಧ ಬಾಡಿಗೆಗಿದೆಯಾ?"

ಸಂಜೆಯೊಳಗೆ ಇಡೀ ಬೀದಿಗೆ ನಾನು 'ಅರ್ಧ ಬೋರ್ಡು' ಆದೆ. ನನ್ನ ಹೆಂಡತಿ ಮಾತ್ರ ಬೋರ್ಡನ್ನು ಸ್ವಲ್ಪ ಹೊತ್ತು ನೋಡಿ, "ಅಲ್ಲೊಂದು ಮೊಳೆ ಹೊಡೆದ್ರೆ ಕೊಡೆನಾದ್ರೂ ನೇತು ಹಾಕ್ಬಹುದು ಕಣ್ರೀ" ಎಂದಳು. ವಿದ್ಯೆಯ ಜಾಗಕ್ಕೆ ಕೊಡೆ!

ಮೊದಲ ಮೂರು ಪ್ರಬಂಧಗಳನ್ನು ಅಂಗಡಿಯಲ್ಲಿ ಸಿಗುವ ಗೈಡಿನಿಂದ ನೇರವಾಗಿ ಇಳಿಸಿದೆ. ಅದು ಬೇರೆ ವಿಚಾರ. ಎಲ್ಲರೂ ಹಾಗೇ ಮಾಡುತ್ತಾರೆ, ಗೈಡು ಇರುವುದೇ ಅದಕ್ಕೆ. ಇತಿಹಾಸದ ಯುದ್ಧಕ್ಕೆ ಗೈಡಿನಲ್ಲಿ ಒಂಬತ್ತು ಕಾರಣ ಇದ್ದವು, ಇರಲಿ ಎಂದು ನಾನೇ ಎರಡು ಸೇರಿಸಿ ಹನ್ನೊಂದು ಮಾಡಿದೆ. ಆದರೆ ನಾಲ್ಕನೆಯದಕ್ಕೆ, ಅಂದರೆ ಕಚೇರಿ ನಿರ್ವಹಣೆಗೆ, ಗೈಡು ಮುಟ್ಟಲಿಲ್ಲ. ಇಪ್ಪತ್ತಾರು ವರ್ಷ ಕಣ್ಣಾರೆ ಕಂಡವನಿಗೆ ಗೈಡು ಯಾಕೆ? ಎದೆಯಲ್ಲಿದ್ದುದೆಲ್ಲ ಹನ್ನೆರಡು ಪುಟ ಹರಿಯಿತು. 'ಕಚೇರಿಯೊಂದರ ಕಾರ್ಯನಿರ್ವಹಣೆಯಲ್ಲಿನ ದೋಷಗಳು ಮತ್ತು ಪರಿಹಾರಗಳು' ಎಂದು ಹೆಸರಿಟ್ಟೆ. ಮುಖ್ಯಸ್ಥರು ಹನ್ನೊಂದರಿಂದ ಹನ್ನೆರಡರವರೆಗೆ ಪದಬಂಧ ಬಿಡಿಸುವರು, ಬೆರಳಚ್ಚುಗಾರ್ತಿ ಮೇಜಿನ ಕೆಳಗೆ ಸ್ವೆಟರ್ ಹೆಣೆಯುವರು, ಜವಾನನು ಕಡತಗಳ ಕಟ್ಟನ್ನು ತಲೆದಿಂಬು ಮಾಡಿಕೊಳ್ಳುವನು, ಆವಕ ಗುಮಾಸ್ತರೊಬ್ಬರನ್ನು ಬಿಟ್ಟರೆ ದುಡಿಯುವವರೇ ಇಲ್ಲ ಎಂದೆಲ್ಲ ನಿರ್ಭಯವಾಗಿ ಬರೆದೆ. ಪರಿಹಾರಗಳೂ ಸೇರಿ ಹತ್ತು ಪುಟಕ್ಕೆ ವಿಷಯ ಮುಗಿದುಹೋಯಿತು. ಹನ್ನೆರಡು ತುಂಬಿಸಲೇಬೇಕಿತ್ತಾದ್ದರಿಂದ 'ಊಟದ ನಂತರ ಸಿಬ್ಬಂದಿ ಒಂದು ಗಂಟೆ ನಿಂತು ಕೆಲಸ ಮಾಡಿದರೆ ನಿದ್ರೆ ಬಾರದು' ಎಂಬಂಥ ಇನ್ನಷ್ಟು ಪರಿಹಾರಗಳನ್ನು ಸೇರಿಸಿದೆ. ನಂಬಿ ಬರೆದದ್ದಲ್ಲ, ಪುಟಕ್ಕಾಗಿ ಬರೆದದ್ದು.

ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲವಾದ್ದರಿಂದ ಹೆಂಡತಿ ತನ್ನ ದುಂಡಗಿನ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿಕೊಟ್ಟಳು. ನಡುವೆ ಒಮ್ಮೆ ತಲೆ ಎತ್ತಿದಳು.

"ಎಲ್ಲರೂ ಸೋಮಾರಿಗಳು, ನೀವೊಬ್ಬರೇ ದುಡಿಯೋದಾ?"

"ಸತ್ಯ ಬರೀಬೇಕು ಅಂತ ಪ್ರಶ್ನೆಪತ್ರಿಕೇಲೇ ಇದೆ."

"ಭಾನುವಾರ ಕೊಡೆ ಹುಡುಕೋಕೂ ಏಳದೋರು..." ಎಂದು ಗೊಣಗಿ ಮುಂದೆ ಬರೆದಳು.

ಹೆಸರು ಬರೆಯಕೂಡದು, ನೋಂದಣಿ ಸಂಖ್ಯೆ ಮಾತ್ರ ಎಂದು ನಿಯಮವಿತ್ತು. ಹಾಗಾಗಿ ಮೊದಲ ಪುಟದ ನೆತ್ತಿಯ ಮೇಲೆ 'ಸಂಖ್ಯೆ: ನಿರ್ವಹಣೆ/೪/೨೨೭೮' ಎಂದಷ್ಟೇ ಇತ್ತು.

ಮರುದಿನ ಊಟದ ಬಿಡುವಿನಲ್ಲಿ ಅಂಚೆಗೆ ಹಾಕೋಣ ಎಂದು ಕಚೇರಿಗೆ ಒಯ್ದು ಮೇಜಿನ ಮೇಲಿಟ್ಟೆ. ಬೆಳಗಿನ ಟಪಾಲು ಬಂತು. ಕೆಲಸ ಶುರು ಮಾಡಿದೆ. ಎಡಗೈ ಕಾಗದ ಎಳೆಯುತ್ತದೆ, ಬಲಗೈ ಮೊಹರು ಒತ್ತುತ್ತದೆ, ಬಾಯಿ ಟೈಪಿಸ್ಟಮ್ಮನ ಜೊತೆ ಜಗಳವಾಡುತ್ತದೆ. ಮೂರೂ ಬೇರೆ ಬೇರೆ ಇಲಾಖೆ, ಒಂದಕ್ಕೆ ಇನ್ನೊಂದರ ಸುದ್ದಿ ಇಲ್ಲ. ಟಪಾಲು ಮುಗಿಸಿ ನೀರು ಕುಡಿದು ಬರುವಷ್ಟರಲ್ಲಿ ಮೇಜಿನ ಮೇಲೆ ಪ್ರಬಂಧವಿಲ್ಲ! ರಿಜಿಸ್ಟರು ನೋಡಿದೆ. ನನ್ನದೇ ಕೈಬರಹ: ಆವಕ ಸಂಖ್ಯೆ ೪೪೧೭, ವಿಷಯ, ಕಾರ್ಯನಿರ್ವಹಣೆಯ ದೋಷಗಳು.

"ಟ್ರೇ ಎಲ್ಲೋಯ್ತಪ್ಪಾ?" ಎಂದು ಜವಾನನ ಹೆಗಲು ಹಿಡಿದು ಅಲ್ಲಾಡಿಸಿದೆ.

"ಸಾಹೇಬ್ರ ರೂಮಿಗೆ ಇಟ್ಟು ಬಂದೆ ಸಾರ್. ದಿನಾ ಲೇಟು ಮಾಡ್ತೀಯ ಅಂತ ಬೈತಿದ್ರಲ್ಲ, ಇವತ್ತು ಬೇಗ ಇಟ್ಟೆ."

ಇಪ್ಪತ್ತಾರು ವರ್ಷದಲ್ಲಿ ಅವನು ಬೇಗ ಮಾಡಿದ ಮೊದಲ ಕೆಲಸ ಅದು!

ಓಡಿದೆ. ಸಾಹೇಬರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದರು. ಮುಂದೆ ಪದಬಂಧ ಅರ್ಧಕ್ಕೇ ನಿಂತಿತ್ತು.

"ಬಾಗಿಲು ಹಾಕ್ರೀ," ಎಂದು ಪಿಸುಗುಟ್ಟಿದರು. "ಮೇಲಿನಿಂದ ಬಂದಿದೆ."

"ಸಾರ್, ಅದು ಮೇಲಿನಿಂದ..."

"ಹೌದು, ಸಂಖ್ಯೆ ನೋಡಿ. ನಿರ್ವಹಣೆ, ನಾಲ್ಕು, ಇಪ್ಪತ್ತೆರಡು ಎಪ್ಪತ್ತೆಂಟು. ಸಹಿ ಕೂಡ ಇಲ್ಲ. ಸಹಿ ಹಾಕದೇ ಕಳಿಸ್ತಾರೆ ಅಂದ್ರೆ ಎಷ್ಟು ಮೇಲಿನವರಿರಬೇಕು ಲೆಕ್ಕ ಹಾಕಿ! ಹನ್ನೊಂದರಿಂದ ಹನ್ನೆರಡು ಪದಬಂಧ ಅಂತ ಟೈಮ್ ಸಮೇತ ಬರೆದಿದ್ದಾರಲ್ರೀ! ನಮ್ಮೊಳಗೇ ಯಾರೋ ಚಾಡಿ ಹೇಳಿದ್ದಾರೆ. ಆ ಮನೆಹಾಳ ಯಾರು ಅಂತ ಗೊತ್ತಾಗ್ಲಿ, ಅವನನ್ನ ನೀರಿನ ಟ್ಯಾಂಕ್ ತೊಳೆಯೋಕೆ ಹಾಕ್ತೀನಿ. ಏನೋ ಹೇಳ್ತಿದ್ರಿ?"

"ಏನಿಲ್ಲ ಸಾರ್. ಕಿಟಕಿ ತೆಗೀಲಾ ಅಂತ."

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೊರಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಟೈಪಿಸ್ಟಮ್ಮ ಸ್ವೆಟರನ್ನು ಚೀಲಕ್ಕೆ ತುರುಕಿ ಹಲ್ಲು ಕಡಿಯುತ್ತಿದ್ದಳು.

"ಬರೆದೋನ ಕೈ ಬಿದ್ದುಹೋಗ! ನಿಮ್ಮೊಬ್ಬರನ್ನ ಹೊಗಳಿದ್ದಾನೆ ಅಂತೆ."

ನನ್ನ ಕೈ ತಾನಾಗಿ ಮೇಜಿನ ಕೆಳಗೆ ಹೋಯಿತು. "ಹೌದಾ? ಅಂದ್ರೆ ನನ್ನ ಮೇಲೇನಾದ್ರೂ ಅನುಮಾನ..."

"ಛೆ, ನಿಮ್ಮ ಮೇಲೆ ಯಾಕೆ? ನೀವು ದುಡಿಯೋರು ಅಂತ ಬರೆದಿದ್ದಾನೆ ಅಂದ್ರೆ ಅವನು ನಿಮ್ಮನ್ನ ಕಣ್ಣಿಂದ ನೋಡೇ ಇಲ್ಲ ಅಂತ ಗ್ಯಾರಂಟಿ ಆಯ್ತಲ್ಲ."

ಇದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಖಾಲಿ ಮೇಜಿಗೇ ಒಂದು ಮೊಹರು ಒತ್ತಿದೆ.

ಮೂರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ ಬಿತ್ತು. ಮೇಲಿನವರ ಮಾತು ಒಂದಕ್ಷರವೂ ಬದಲಾಗಕೂಡದೆಂದು ಸಾಹೇಬರು ದೋಷಗಳ ಪುಟಗಳನ್ನು ಮಾತ್ರ ಬಿಟ್ಟು, ಪರಿಹಾರಗಳನ್ನೆಲ್ಲ ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿಸಿ, ಕೆಳಗೆ ಹಸಿರು ಶಾಯಿಯಲ್ಲಿ ತಮ್ಮ ಸಹಿ ಜಡಿದಿದ್ದರು. ಮೂಲ ಪ್ರತಿ ಅವರ ಬೀರುವಿನಲ್ಲಿ ಬೀಗದೊಳಗೆ ಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಅಂದಿನಿಂದ ಎರಡರಿಂದ ಮೂರರವರೆಗೆ ಇಡೀ ಕಚೇರಿ ನಿಂತು ಕೆಲಸ ಮಾಡಿತು. ನನ್ನ ಮಂಡಿಯಲ್ಲಿ ನೋವು ಮೊದಲೇ ಇತ್ತು, ಈಗ ಶಬ್ದವೂ ಶುರುವಾಯಿತು. ಮೇಲಾಗಿ, ದುಡಿಯುವವನು ನಾನೊಬ್ಬನೇ ಎಂದು ಮೇಲಿನವರೇ ಒಪ್ಪಿದ್ದಾರಲ್ಲ ಎಂದು ಸಾಹೇಬರು ಎಲ್ಲರ ಬಾಕಿ ಕೆಲಸವನ್ನೂ ನನ್ನ ಮೇಜಿಗೆ ತಂದು ಸುರಿದರು. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ.

ಅದೇ ವಾರ ಪಕ್ಕದ ಮನೆ ಹೆಡ್‌ಮಾಸ್ತರರು ನೀರಿನ ಮೀಟರಿನ ದೂರು ಹಿಡಿದುಕೊಂಡು ಬಂದರು. ಎರಡೂ ಕಾಲು ಗಂಟೆ. ಎಲ್ಲರೂ ಜೋಲುಮೋರೆ ಹಾಕಿಕೊಂಡು ನಿಂತಿದ್ದುದನ್ನು ನೋಡಿ ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಕಟ್ಟಿ, ತಲೆ ತಗ್ಗಿಸಿ ನಿಂತುಬಿಟ್ಟರು. ಐದು ನಿಮಿಷ ಕಳೆದ ಮೇಲೆ ಮೆಲ್ಲಗೆ ನನ್ನ ಪಕ್ಕ ಬಂದರು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ. ಇದು ನಿರ್ವಹಣೆ."

"ಹಾಗಾದ್ರೆ ನಾನ್ಯಾಕ್ರೀ ಇಷ್ಟೊತ್ತು ದುಃಖಪಟ್ಟೆ?" ಎಂದು ನನ್ನನ್ನೇ ಗದರಿಕೊಂಡರು. ಸಂಜೆ ಬೀದಿಯಲ್ಲಿ, ನಮ್ಮ ಕಚೇರಿಯಲ್ಲಿ ಗುಮಾಸ್ತರನ್ನು ಕ್ಲಾಸಿನ ಮಕ್ಕಳ ಹಾಗೆ ನಿಲ್ಲಿಸುತ್ತಾರೆ ಎಂದು ಸುದ್ದಿ.

ಪ್ರಬಂಧ ತಲುಪಿಸಲು ಇನ್ನು ನಾಲ್ಕು ದಿನ ಉಳಿದಿತ್ತು. ಮೂಲ ಬೀರುವಿನಲ್ಲಿ, ಕರಡು ಹಾಳೆಗಳನ್ನು ಹೆಂಡತಿ ಕಪಾಟಿನ ಅಡಿಗೆ ಹಾಸಿ ಅದರ ಮೇಲೆ ಎಣ್ಣೆ ಡಬ್ಬ ಇಟ್ಟಿದ್ದಳು. ಹೊಸದಾಗಿ ಬರೆಯೋಣವೆಂದರೆ ಎಲ್ಲರ ಬಾಕಿ ಕೆಲಸ ಮಾಡಿ ಮನೆಗೆ ಬರುವಾಗ ತಲೆಯಲ್ಲಿ ನನ್ನ ಹೆಸರೂ ಉಳಿದಿರುತ್ತಿರಲಿಲ್ಲ. ಕೊನೆಗೆ ಹೊಳೆಯಿತು, ನನ್ನ ಪ್ರಬಂಧ ಗೋಡೆಯ ಮೇಲೆಯೇ ಇದೆಯಲ್ಲ! ನಿಂತು ಕೆಲಸ ಮಾಡುವ ವೇಳೆಯಲ್ಲಿ ನೋಟಿಸ್ ಬೋರ್ಡಿನ ಮುಂದೆ ನಿಂತು ನನ್ನ ಮಾತನ್ನು ನಾನೇ ಇಳಿಸಿಕೊಂಡೆ. ದೋಷಗಳ ತಂಟೆಗೆ ಹೋಗಲಿಲ್ಲ. ಒಮ್ಮೆ ಮೈ ಸುಟ್ಟದ್ದು ಸಾಕಿತ್ತು.

ಬೆನ್ನ ಹಿಂದೆ ಸಾಹೇಬರ ದನಿ ಕೇಳಿತು. "ನೋಡಿ ಕಲೀರಿ ಎಲ್ಲರೂ! ನನ್ನ ಸುತ್ತೋಲೆನ ಮನೆಗೂ ಬರ್ಕೊಂಡು ಹೋಗ್ತಿದ್ದಾರೆ!"

'ನನ್ನ' ಸುತ್ತೋಲೆಯಂತೆ! ವಾರದ ಹಿಂದೆ ಕತ್ತು ಒರೆಸಿಕೊಳ್ಳುತ್ತಿದ್ದವರು! ಪಕ್ಕದಲ್ಲಿ ಒಬ್ಬ ಕನ್ನಡಕದವರು ನಿಂತು ಸುತ್ತೋಲೆ ಓದಿ ತಲೆದೂಗುತ್ತಿದ್ದರು. ಸಾಹೇಬರು ಅವರನ್ನು ಒಳಗೆ ಕರೆದುಕೊಂಡು ಹೋಗಿ ಟೀ ತರಿಸಿದರು. ಯಾರೋ ಹೊಸ ನಲ್ಲಿ ಕೇಳಲು ಬಂದವರೆಂದು ನಾನು ಅಷ್ಟಕ್ಕೇ ಬಿಟ್ಟೆ. ಹೆಂಡತಿ ಸಾಲು ಬಿಟ್ಟು ಬಿಟ್ಟು ಬರೆದು, ಹನ್ನೆರಡು ಪುಟ ತುಂಬಿಸಿ ಮತ್ತೊಮ್ಮೆ ಶುದ್ಧಪ್ರತಿ ಮಾಡಿದಳು. ಈ ಸಲ ಅದನ್ನು ಕಚೇರಿಯ ಹತ್ತಿರವೂ ಒಯ್ಯದೆ ಮನೆಯಿಂದ ನೇರ ಅಂಚೆಪೆಟ್ಟಿಗೆಗೆ ಹಾಕಿದೆ.

ನಲವತ್ತು ದಿನಕ್ಕೆ ಫಲಿತಾಂಶ ಬಂತು. ಮನೆಯ ಬಾಗಿಲಲ್ಲೇ ಲಕೋಟೆ ಒಡೆದೆ. ಕಾಂಪೌಂಡಿನ ಮೇಲೆ ಹೆಡ್‌ಮಾಸ್ತರರ ಕತ್ತು ಆಗಲೇ ಬಂದಿತ್ತು. ಸಾಹಿತ್ಯ ಅರವತ್ತೆರಡು, 'ಸ್ವಂತ ಚಿಂತನೆ ಎದ್ದು ಕಾಣುತ್ತದೆ.' ಇತಿಹಾಸ ಅರವತ್ತೆಂಟು, 'ಹನ್ನೊಂದು ಕಾರಣಗಳು! ಆಳವಾದ ಸಂಶೋಧನೆ.' ಸಮಾಜ ಅರವತ್ತು. ನಾಲ್ಕನೆಯದು ಸೊನ್ನೆ. ಪಕ್ಕದಲ್ಲಿ ಹೀಗಿತ್ತು: 'ಪ್ರಸಿದ್ಧ ಸುತ್ತೋಲೆಯೊಂದರ ಪೂರ್ತಿ ನಕಲು. ಸಂಖ್ಯೆ ಮತ್ತು ಅಕ್ಷರದ ಶೈಲಿಯನ್ನೂ ಬಿಡದೆ ಕದಿಯಲಾಗಿದೆ. ನಾಚಿಕೆಗೇಡು.'

ಗೈಡಿನಿಂದ ಕದ್ದ ಮೂರೂ ಸ್ವಂತವಂತೆ, ಎದೆ ಬಗೆದು ಬರೆದ ಒಂದು ನಕಲಂತೆ! ಇದೆಂಥ ನ್ಯಾಯ ಸ್ವಾಮಿ?

"ನಕಲು ಅಂತಾ?" ಹೆಡ್‌ಮಾಸ್ತರರು ಬೀದಿಗೆಲ್ಲ ಕೇಳುವ ಹಾಗೆ ಅಂದರು. "ಈ ವಯಸ್ಸಲ್ಲಿ ಬೇಕಿತ್ತೇನ್ರೀ?"

ಉತ್ತರ ಕೊಡಲು ಬಾಯಿ ತೆರೆದವನ ಕಣ್ಣು ಆ ಬರಹದ ಶಾಯಿಯ ಮೇಲೆ ಬಿತ್ತು. ಹಸಿರು! ಆ ಉದ್ದ ಬಾಲದ ಅಕ್ಷರವನ್ನು ನಾನು ದಿನವೂ ನೂರು ಸಲ ನೋಡುತ್ತೇನೆ. ಆಗ ಹೊಳೆಯಿತು, ನೋಟಿಸ್ ಬೋರ್ಡಿನ ಮುಂದೆ ತಲೆದೂಗಿದ ಆ ಕನ್ನಡಕದವರು ನಲ್ಲಿ ಕೇಳಲು ಬಂದವರಲ್ಲ, ನಮ್ಮ ಅಧ್ಯಯನ ಕೇಂದ್ರದವರು. ಸುತ್ತೋಲೆಗೆ ಮರುಳಾಗಿ ನಿರ್ವಹಣೆಯ ಪ್ರಬಂಧಗಳನ್ನು ತಿದ್ದಲು ನಮ್ಮ ಸಾಹೇಬರನ್ನೇ ಹಿಡಿದಿದ್ದರು.

ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ. ನೇರ ಸಾಹೇಬರ ಕೋಣೆಗೆ ನುಗ್ಗಿದೆ. ಟೈಪಿಸ್ಟಮ್ಮ, ಜವಾನ ಬಾಗಿಲಿಗೆ ಅಂಟಿಕೊಂಡರು. ಬಾಯಿ ಬಿಟ್ಟರೆ ಚಾಡಿಕೋರ, ಬಿಡದಿದ್ದರೆ ಕಳ್ಳ. ಹಾಳಾಗಿ ಹೋಗಲಿ ಎಂದು ಬಿಟ್ಟೇಬಿಟ್ಟೆ.

"ಸಾರ್, ಅದು ನಾನು ಬರೆದದ್ದು! ನೀವು ಸೊನ್ನೆ ಕೊಟ್ಟಿದ್ದೂ ನನ್ನದೇ, ಗೋಡೆ ಮೇಲೆ ಅಂಟಿಸಿರೋದೂ ನನ್ನದೇ!" ನೋಂದಣಿ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದೆ. "ನೋಡಿ, ನಿರ್ವಹಣೆ, ನಾಲ್ಕು, ಇಪ್ಪತ್ತೆರಡು ಎಪ್ಪತ್ತೆಂಟು. ಪಕ್ಕದಲ್ಲಿರೋದು ನನ್ನ ಫೋಟೋ!"

ಸಾಹೇಬರು ಬೀರು ತೆಗೆದು ಮೂಲವನ್ನು ತಂದರು. ಸಂಖ್ಯೆ ನೋಡಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು. ಟ್ಯಾಂಕ್ ತೊಳೆಯುವ ಬ್ರಶ್ಶು ನನ್ನ ಕಣ್ಣ ಮುಂದೆ ಬಂತು.

"ಅಂದ್ರೆ... ಇದು ಮೇಲಿನಿಂದ ಬಂದದ್ದಲ್ಲ?"

"ಅಲ್ಲ ಸಾರ್."

"ನಮ್ಮ ಆಫೀಸಿನ ಗುಮಾಸ್ತ ಬರೆದದ್ದು?"

"ಹೌದು ಸಾರ್."

ಅವರ ಮುಖ ನಿಧಾನಕ್ಕೆ ಅರಳಿತು. ನಲವತ್ತು ದಿನದಲ್ಲಿ ಮೊದಲ ಸಲ ಅವರು ಬೆನ್ನು ಚಾಚಿ ಕುರ್ಚಿಗೆ ಒರಗಿದರು. "ಅಯ್ಯೋ, ಮೊದಲೇ ಹೇಳಬಾರದೇನ್ರೀ! ಜವಾನ, ಆ ಸುತ್ತೋಲೆ ಹರಿದು ಬಿಸಾಕು. ಪೇಪರ್ ಎಲ್ಲಿ ಇವತ್ತಿನದು?"

ಹೊರಗೆ ಕುರ್ಚಿ ಎಳೆದ ಸದ್ದು, ಯಾರೋ ಟೀಗೆ ಕೂಗಿದ ಸದ್ದು. ಸ್ವೆಟರ್ ಚೀಲದಿಂದ ಹೊರಬಿತ್ತು. ಬೈಯಲೂ ಯಾರಿಗೂ ಪುರುಸೊತ್ತಿರಲಿಲ್ಲ. ಟೈಪಿಸ್ಟಮ್ಮ ಮಾತ್ರ, "ಹೋಗ್ಲಿ ಬಿಡಿ, ನೀವಾಗಿದ್ರೆ ಯಾರು ತಾನೇ ನಂಬ್ತಾರೆ?" ಎಂದಳು.

"ನನ್ನ ಸೊನ್ನೆ, ಸಾರ್?" ಎಂದೆ.

"ಅದನ್ನ ಸರಿ ಮಾಡೋಣ. ನಕಲಲ್ಲ ಅಂತ ಆಯ್ತಲ್ಲ, ಈಗ ನ್ಯಾಯವಾಗಿ ಓದಿ ಅಂಕ ಕೊಡ್ತೀನಿ." ಹಸಿರು ಪೆನ್ನು ತೆಗೆದರು. ಒಂದೊಂದೇ ಪುಟ ಓದಿದರು. ಇವರೇ ಮೆಚ್ಚಿ ಸಹಿ ಹಾಕಿದ್ದಲ್ಲವೇ, ಎಪ್ಪತ್ತಕ್ಕೆ ಕಡಿಮೆ ಬರಲಾರದು ಎಂದು ನಾನು ಮನಸ್ಸಿನಲ್ಲೇ ಹೆಡ್ ಕ್ಲರ್ಕ್ ಕುರ್ಚಿಗೆ ದಿಂಬು ಹೊಲಿಸುತ್ತಿದ್ದೆ. ಅವರು ಬರೆದು, ಕಾಗದ ತಿರುಗಿಸಿ ನನ್ನ ಮುಂದಿಟ್ಟರು.

ಮೂವತ್ತನಾಲ್ಕು. ಪಾಸಿಗೆ ಮೂವತ್ತೈದು ಬೇಕು. ಕೆಳಗೆ ಒಂದು ಸಾಲು: 'ವಿಚಾರಗಳು ಕೇಳಲು ಚೆನ್ನಾಗಿವೆ, ಆದರೆ ಯಾವ ಕಚೇರಿಯಲ್ಲೂ ಜಾರಿಗೆ ತರಲು ಸಾಧ್ಯವಿಲ್ಲ.'

"ಸಾರ್! ನಲವತ್ತು ದಿನ ಇದೇ ಆಫೀಸಿನಲ್ಲಿ ಜಾರಿಯಲ್ಲಿತ್ತು! ನನ್ನ ಮಂಡಿ ಕೇಳಿ ನೋಡಿ!"

"ಅದು ಮೇಲಿನಿಂದ ಬಂದಾಗ ಕಣ್ರೀ," ಎಂದರು ಸಾಹೇಬರು, ಬಹಳ ಪ್ರೀತಿಯಿಂದ. "ನಾಲ್ಕಕ್ಷರದ ಪದ ಹೇಳಿ, 'ಕೆಲಸವಿಲ್ಲದವನು'."

ಬೇಕಾದರೆ ಮೇಲಿನವರನ್ನು ಕೇಳಿಕೊಳ್ಳಲಿ!

ಈಗ ನನ್ನ ರಜೆ ಚೀಟಿಗೆ ಟೈಪಿಸ್ಟಮ್ಮ ಸಹಿ ಹಾಕುತ್ತಾಳೆ. ಆಕೆ ಹೆಡ್ ಕ್ಲರ್ಕ್ ಕುರ್ಚಿಯಲ್ಲಿ ಕೂತ ದಿನವೇ ಮೊದಲ ಚೀಟಿ ಬರೆದುಕೊಟ್ಟು, ಅರ್ಧ ದಿನ ರಜೆ ಹಾಕಿ, ಕುದಿಯುತ್ತ ಮನೆಗೆ ಬಂದೆ. ಹೆಡ್‌ಮಾಸ್ತರರ ಕತ್ತು ಕಾಂಪೌಂಡಿನ ಮೇಲೆ ಸಿದ್ಧವಾಗಿತ್ತು, ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ. ನಮ್ಮ ಬಾಗಿಲ ಬೋರ್ಡನ್ನು ನೋಡುತ್ತಿದ್ದರು. ಖಾಲಿ ಅರ್ಧದ ನಟ್ಟನಡುವೆ ಒಂದು ಮೊಳೆ, ಮೊಳೆಗೆ ನನ್ನ ಕೊಡೆ.

"ಏನೇ ಇದು!" ಎಂದು ಗುಡುಗಿದೆ.

ಹೆಂಡತಿ ಕೈಯಲ್ಲಿ ಸುತ್ತಿಗೆ ಹಿಡಿದೇ ಹೊರಗೆ ಬಂದಳು. "ಕೂಗ್ಬೇಡಿ. ಒಂದು ವರ್ಷಕ್ಕೆ ಮಾತ್ರ ಹೊಡೆದಿರೋದು, ಆಳವಾಗಿ ಹೊಡೆದಿಲ್ಲ. ನೀವು ಪಾಸಾದ ದಿನ ನಾನೇ ಕೀಳ್ತೀನಿ. ಒಳಗೆ ಬನ್ನಿ, ಹಾಳೆಗೆ ಗೆರೆ ಎಳೆದಿಟ್ಟಿದ್ದೀನಿ, ನೀವು ಹೇಳ್ತಾ ಹೋಗಿ, ನಾನು ಬರೀತೀನಿ. ಈ ಸಲ ಗೈಡು ನೋಡಿ."